ಜಪಾನಿನ ಶಾಲೆಗಳಿಗೆ ಇಂಗ್ಲಿಷ್ ಕಲಿಸಲು ಹೊರಟ ಕನ್ನಡದ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ನಂತರ ನಾನು ಜಪಾನಿನ ಶಿಕೊಕು ದ್ವೀಪದ ಎಹಿಮೆ ಪ್ರಾಂತ್ಯಕ್ಕೆ ಸಹಾಯಕ ಭಾಷಾ ಶಿಕ್ಷಕಿಯಾಗಿ ಬಂದೆ. ಇಲ್ಲಿ ಈ ಹುದ್ದೆಯನ್ನು ಎಲ್ಲರೂ ಎ.ಎಲ್.ಟಿ. ಎಂದೇ ಕರೆಯುತ್ತಾರೆ. ಬಂದು ನಾಲ್ಕು ವರ್ಷವಾಯಿತು. ಊರಿನಿಂದ ಫೋನು ಮಾಡಿ ವಿಚಾರಿಸುವ ಶಿಕ್ಷಕ ಮಿತ್ರರಿಗೆ, ಅವರ ಪರಿಚಯದವರಿಗೆ ಒಂದೇ ಉತ್ತರವನ್ನು ಹಲವು ಸಲ ಹೇಳಿದ್ದೇನೆ. ಅವನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಹೊರಡುವವರಿಗೆ ಅನುಕೂಲವಾಗಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಜಪಾನೀ ಭಾಷೆಯ ಒಂದಕ್ಷರವೂ ಬಾರದೆ ಹೋಗಬಹುದೇ?

ಹೋಗಬಹುದು. ಕೆಲಸಕ್ಕೆ ಸೇರಿಸಿಕೊಳ್ಳುವವರು ಅನೇಕ ವೇಳೆ ಜಪಾನೀ ಭಾಷೆ ಬರಲೇಬೇಕೆಂದು ಕೇಳುವುದಿಲ್ಲ, ಏಕೆಂದರೆ ತರಗತಿಯಲ್ಲಿ ನಿಮ್ಮಿಂದ ಅವರಿಗೆ ಬೇಕಾಗಿರುವುದು ಇಂಗ್ಲಿಷ್. ಆದರೆ ನನ್ನ ಅನುಭವದಲ್ಲಿ ಭಾಷೆ ಬಾರದ ಕಷ್ಟ ತರಗತಿಯಲ್ಲಿ ಎದುರಾಗುವುದು ಕಡಿಮೆ; ಅದು ಶಿಕ್ಷಕರ ಕೊಠಡಿಯಲ್ಲಿ, ನಗರಸಭೆಯ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ದಂತವೈದ್ಯರ ಕುರ್ಚಿಯಲ್ಲಿ ಎದುರಾಗುತ್ತದೆ. ಹೊರಡುವ ಮೊದಲು ಮೂರು ತಿಂಗಳು ಸಿಕ್ಕರೂ ಸಾಕು, ಹಿರಗಾನ ಮತ್ತು ಕತಕಾನ ಎಂಬ ಎರಡು ಲಿಪಿಗಳನ್ನು ಕಲಿತು, ಐದನೆಯ ಹಂತದ ಜಪಾನೀ ಭಾಷಾ ಪರೀಕ್ಷೆಯ ಮಟ್ಟಕ್ಕಾದರೂ ಬನ್ನಿ. ಆ ಪರೀಕ್ಷೆ ಬೆಂಗಳೂರಿನಲ್ಲೂ ನಡೆಯುತ್ತದೆ.

ಯಾವ ದಾರಿಯಿಂದ ಹೋಗುತ್ತಾರೆ? ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ತೊಂದರೆ ಇದೆಯೇ?

ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು 1987ರಲ್ಲಿ ಆರಂಭವಾದ, ಜಪಾನ್ ಸರ್ಕಾರದ ಜೆಟ್ ಕಾರ್ಯಕ್ರಮ. ಇದಕ್ಕೆ ಯಾವುದಾದರೂ ಪದವಿ ಇರಬೇಕು, ಅರ್ಜಿಯನ್ನು ಜಪಾನಿನ ರಾಯಭಾರ ಕಚೇರಿಯ ಮೂಲಕ ಹಾಕಬೇಕು, ಒಪ್ಪಂದ ಒಂದು ವರ್ಷದ್ದಾಗಿದ್ದು ನವೀಕರಣವಾಗುತ್ತ ಗರಿಷ್ಠ ಐದು ವರ್ಷದವರೆಗೆ ಹೋಗಬಹುದು. ಯಾವ ದೇಶದಿಂದ ಯಾವ ಹುದ್ದೆಗೆ ಎಷ್ಟು ಜನರನ್ನು ಕರೆಯುತ್ತಾರೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಎರಡನೆಯದು ಸ್ಥಳೀಯ ಶಿಕ್ಷಣ ಮಂಡಳಿಗಳು ನೇರವಾಗಿ ಮಾಡಿಕೊಳ್ಳುವ ನೇಮಕ. ಮೂರನೆಯದು ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಖಾಸಗಿ ಸಂಸ್ಥೆಗಳು. ಇಲ್ಲಿ ಸಂಬಳ, ರಜೆ, ವಿಮೆ ಇವುಗಳ ಷರತ್ತನ್ನು ಒಂದೊಂದು ಸಾಲಾಗಿ ಓದಿ ಸಹಿ ಹಾಕಬೇಕು.

ಕನ್ನಡ ಮಾಧ್ಯಮದ ವಿಷಯವನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಶಾಲೆಯಲ್ಲಿ ವಿದೇಶಿ ಭಾಷೆ ಕಲಿಸುವವರ ವೀಸಾಕ್ಕೆ, ಕಲಿಸುವ ಭಾಷೆಯ ಮಾಧ್ಯಮದಲ್ಲೇ ಕನಿಷ್ಠ ಹನ್ನೆರಡು ವರ್ಷ ಓದಿರಬೇಕೆಂಬ ನಿಯಮವಿದೆ. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಎಂಟರಿಂದ ಇಂಗ್ಲಿಷಿಗೆ ಬಂದವರು ಪಿಯುಸಿ, ಪದವಿ, ಬಿ.ಎಡ್., ಎಂ.ಎ. ಎಲ್ಲ ಸೇರಿಸಿ ಎಣಿಸಿದರೆ ಹನ್ನೆರಡು ಮುಟ್ಟಬಹುದು. ಹತ್ತರವರೆಗೂ ಕನ್ನಡದಲ್ಲಿ ಓದಿ ಪದವಿಗೇ ನಿಲ್ಲಿಸಿದವರಿಗೆ ಮುಟ್ಟುವುದಿಲ್ಲ. ಆದ್ದರಿಂದ ಓದಿದ ಪ್ರತಿಯೊಂದು ಶಾಲೆ, ಕಾಲೇಜಿನಿಂದಲೂ ಬೋಧನಾ ಮಾಧ್ಯಮ ಯಾವುದೆಂಬ ಪ್ರಮಾಣಪತ್ರವನ್ನು ಮೊದಲೇ ತೆಗೆದಿಟ್ಟುಕೊಂಡು, ನೇಮಿಸಿಕೊಳ್ಳುವವರಿಗೆ ತೋರಿಸಿ, ಅವರಿಂದ ಖಚಿತ ಉತ್ತರ ಪಡೆದ ಮೇಲೆಯೇ ಊರಿನ ಕೆಲಸಕ್ಕೆ ರಾಜೀನಾಮೆ ಕೊಡಿ.

ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ಮಾತನಾಡುತ್ತಿರುತ್ತಾರೆ, ನನಗೊಂದೂ ತಿಳಿಯುವುದಿಲ್ಲ. ಏನು ಮಾಡಲಿ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಇದಕ್ಕೆ ಕೊಂಚ ವಿವರವಾಗಿಯೇ ಉತ್ತರಿಸಬೇಕು.

ಜಪಾನಿನ ಶಾಲೆಯಲ್ಲಿ ಎಲ್ಲ ಶಿಕ್ಷಕರಿಗೂ ಸೇರಿ ಒಂದೇ ದೊಡ್ಡ ಕೊಠಡಿ ಇರುತ್ತದೆ. ಮೇಜುಗಳನ್ನು ಎದುರುಬದುರಾಗಿ ಜೋಡಿಸಿ, ಒಂದೇ ತರಗತಿಗೆ ಪಾಠ ಮಾಡುವವರನ್ನು ಒಂದು ಗುಂಪಾಗಿ ಕೂರಿಸುತ್ತಾರೆ. ಕ್ಯೋತೋ ಸೆನ್ಸೇ ಎಂದು ಕರೆಯಲಾಗುವ ಉಪ ಮುಖ್ಯೋಪಾಧ್ಯಾಯರು ಎಲ್ಲರಿಗೂ ಕಾಣುವಂತೆ ಮುಂದುಗಡೆ ಕೂರುತ್ತಾರೆ. ಬೆಳಿಗ್ಗೆ ಕೆಲವೇ ನಿಮಿಷಗಳ ಸಭೆಯಲ್ಲಿ ಆ ದಿನದ ಬದಲಾವಣೆಗಳನ್ನೆಲ್ಲ ವೇಗವಾಗಿ ಓದಿಬಿಡುತ್ತಾರೆ, ಎಲ್ಲರೂ ತಲೆಬಾಗಿಸುತ್ತಾರೆ, ಸಭೆ ಮುಗಿಯುತ್ತದೆ. ಆ ಕೆಲವು ನಿಮಿಷ ತಪ್ಪಿದರೆ ದಿನವಿಡೀ ತಪ್ಪುತ್ತದೆ.

ನಾನು ಸೇರಿದ ಎರಡನೆಯ ತಿಂಗಳಿನಲ್ಲಿ ನಡೆದದ್ದು ಹೀಗೆ. ಸಭೆ ಮುಗಿದ ಮೇಲೆ ಹಿರಿಯ ಶಿಕ್ಷಕರೊಬ್ಬರು ನನ್ನ ಮೇಜಿನ ಬಳಿ ಬಂದು ಏನೋ ಹೇಳಿದರು. ನಾನು "ಹಾಯ್, ಹಾಯ್" ಎಂದೆ. ಹಾಯ್ ಎಂದರೆ ಹೌದು. ಅವರು ನಗುತ್ತ ಹೋದರು. ಮೂರನೆಯ ಅವಧಿಗೆ ಚಿತ್ರಗಳನ್ನೆಲ್ಲ ಹಿಡಿದುಕೊಂಡು ತರಗತಿಗೆ ಹೋದರೆ ಮೂವತ್ತನಾಲ್ಕು ಕುರ್ಚಿಗಳೂ ಖಾಲಿ. ಪ್ರತಿ ಕುರ್ಚಿಯ ಮೇಲೆ ಮಕ್ಕಳ ಸಮವಸ್ತ್ರ ಮಡಿಸಿಟ್ಟಿತ್ತು. ಕಿಟಕಿಯಿಂದ ನೋಡಿದಾಗ ಮಕ್ಕಳೆಲ್ಲ ಮೈದಾನದಲ್ಲಿ ಕ್ರೀಡಾದಿನದ ತಾಲೀಮು ಮಾಡುತ್ತಿದ್ದರು. ಅವರು ಬಂದು ಹೇಳಿದ್ದು ಅದನ್ನೇ. ನಾನು ಹೌದು ಎಂದಿದ್ದೂ ಅದಕ್ಕೇ.

ತಪ್ಪು ಅವರದಲ್ಲ, ನನ್ನದು. ಅರ್ಥವಾಗದಿದ್ದಾಗ ಅರ್ಥವಾಗಲಿಲ್ಲ ಎಂದು ಹೇಳುವುದಕ್ಕೆ ನಮಗೆ ಸಂಕೋಚ, ಅದರಲ್ಲೂ ಶಿಕ್ಷಕರಿಗೆ ಆ ಸಂಕೋಚ ಇನ್ನೂ ಹೆಚ್ಚು, ಏಕೆಂದರೆ ವರ್ಷಗಟ್ಟಲೆ ನಾವು ಗೊತ್ತಿರುವವರ ಜಾಗದಲ್ಲಿ ನಿಂತು ಅಭ್ಯಾಸವಾಗಿರುತ್ತದೆ. ಆ ಸಂಕೋಚವನ್ನು ಮೊದಲ ವಾರದಲ್ಲೇ ಬಿಡಬೇಕು. ಅದಾದ ಮೇಲೆ ನಾನು ರೂಢಿಸಿಕೊಂಡದ್ದು ಇಷ್ಟು: ಯಾರಾದರೂ ಏನಾದರೂ ಹೇಳಿದರೆ ನನಗೆ ತಿಳಿದಷ್ಟನ್ನು ತಿರುಗಿ ಹೇಳುತ್ತೇನೆ. "ಕಿನ್ಯೋಬಿ, ನಿಜಿಕಾನ್‌ಮೆ, ದೆಸು ನೆ?" ಅಂದರೆ "ಶುಕ್ರವಾರ, ಎರಡನೆಯ ಅವಧಿ, ಅಲ್ಲವೇ?" ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಚೂರೂ ತಿಳಿಯದಿದ್ದರೆ ಪುಸ್ತಕ ಪೆನ್ನು ಮುಂದಿಟ್ಟು "ಕೈತೆ ಕುದಾಸಾಯಿ" ಎನ್ನುತ್ತೇನೆ, ಬರೆದುಕೊಡಿ ಎಂದರ್ಥ. ಬರೆದದ್ದನ್ನು ಮೊಬೈಲಿನಲ್ಲಿ ಅನುವಾದಿಸಿಕೊಳ್ಳಬಹುದು. ಮಾತನ್ನು ಹಾಗೆ ಹಿಡಿಯುವುದು ಕಷ್ಟ.

ಇನ್ನೊಂದು ದಾರಿಯೂ ಇದೆ. 1995ರ ಹಾನ್‌ಶಿನ್-ಅವಾಜಿ ಭೂಕಂಪದಲ್ಲಿ ಸೂಚನೆಗಳು ತಿಳಿಯದೆ ವಿದೇಶಿಯರು ತೊಂದರೆಗೆ ಸಿಕ್ಕಿದ ನಂತರ, ಚಿಕ್ಕ ವಾಕ್ಯಗಳ, ಸುಲಭ ಪದಗಳ ಜಪಾನೀ ಭಾಷೆಯನ್ನು ಬಳಸುವ ಪ್ರಯತ್ನ ಇಲ್ಲಿ ಬೆಳೆದುಬಂದಿದೆ. ಅದನ್ನು "ಯಸಾಶೀ ನಿಹೊಂಗೊ" ಎನ್ನುತ್ತಾರೆ. "ಯಸಾಶೀ ನಿಹೊಂಗೊದೆ ಒನೆಗಾಯಿಶಿಮಾಸು" ಎಂದು ಕೇಳಿಕೊಂಡರೆ ಬಹುತೇಕ ಶಿಕ್ಷಕರು ತಕ್ಷಣ ಮಾತು ನಿಧಾನ ಮಾಡುತ್ತಾರೆ. ಅವರೂ ಶಿಕ್ಷಕರೇ ಅಲ್ಲವೇ, ಸರಳವಾಗಿ ಹೇಳುವುದು ಅವರಿಗೆ ಗೊತ್ತು.

ಅವರು "ಹಾಯ್" ಎಂದರೆ ಒಪ್ಪಿದರು ಎಂದು ತಿಳಿಯಬಹುದೇ?

ಯಾವಾಗಲೂ ಅಲ್ಲ. ನಮ್ಮಲ್ಲಿ ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂಗುಟ್ಟುತ್ತಾರಲ್ಲ, ಅವರ ಹಾಯ್ ಅನೇಕ ಸಲ ಆ ಹೂಂ: ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಎಂದಷ್ಟೇ. ಹಾಗೆಯೇ ಅವರು ನೇರವಾಗಿ ಆಗುವುದಿಲ್ಲ ಎನ್ನುವುದೂ ಅಪರೂಪ. "ಚೊತ್ತೊ" (ಸ್ವಲ್ಪ) ಎಂದು ಶುರುಮಾಡಿ ಮಾತು ಮುಗಿಸದೆ ಬಿಟ್ಟರೆ ಅದು ನಿರಾಕರಣೆ. ನಾವು "ನೋಡೋಣ" ಎನ್ನುತ್ತೇವಲ್ಲ, ಹಾಗೆ. ನಿಮ್ಮ ಕಡೆಯಿಂದಲೂ ಒಂದು ಎಚ್ಚರ ಬೇಕು: ಒಪ್ಪಿಗೆಗೆ ನಾವು ತಲೆಯನ್ನು ಅತ್ತಿತ್ತ ಆಡಿಸುವುದು ಅವರಿಗೆ ಬೇಡ ಎಂಬಂತೆ ಅಥವಾ ಸಂದೇಹ ಎಂಬಂತೆ ಕಾಣುತ್ತದೆ. ಮೇಲೆ ಕೆಳಗೆ ಆಡಿಸುವುದನ್ನು ರೂಢಿ ಮಾಡಿಕೊಳ್ಳಿ.

ಕನ್ನಡ ಬಂದರೆ ಜಪಾನೀ ಸುಲಭ ಎನ್ನುತ್ತಾರೆ. ನಿಜವೇ?

ವಾಕ್ಯರಚನೆಯ ಮಟ್ಟಿಗೆ ನಿಜ, ಮತ್ತು ಈ ಅನುಕೂಲವನ್ನು ನಾವು ಸಾಕಷ್ಟು ಬಳಸಿಕೊಳ್ಳುವುದಿಲ್ಲ ಎಂಬುದು ನನ್ನ ಕೊರಗು. ಇಂಗ್ಲಿಷಿನ ಮೂಲಕ ಜಪಾನೀ ಕಲಿಯಲು ಹೋದರೆ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಕನ್ನಡದ ಮೂಲಕ ಹೋದರೆ ಮನೆಯ ಬಾಗಿಲು ತೆರೆದಂತೆ ಇರುತ್ತದೆ. ಎರಡೂ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಿಭಕ್ತಿ ನಾಮಪದದ ಹಿಂದೆ ಅಂಟಿಕೊಳ್ಳುತ್ತದೆ. ಪ್ರಶ್ನೆಗೆ ವಾಕ್ಯದ ತುದಿಯಲ್ಲಿ ಒಂದು ಸಣ್ಣ ಪ್ರತ್ಯಯ ಸೇರಿಸಿದರೆ ಸಾಕು: ಬರುತ್ತೀರಿ, ಬರುತ್ತೀರಾ, ಕಿಮಾಸು, ಕಿಮಾಸು ಕಾ.

ಎರಡು ಕ್ರಿಯೆಗಳನ್ನು ಜೋಡಿಸುವ ರೀತಿಯನ್ನಂತೂ ನೋಡಿದಾಗ ನನಗೆ ಹಿಗ್ಗಾಯಿತು. ರುಚಿ ನೋಡಲು ನಾವು "ತಿಂದು ನೋಡುತ್ತೇನೆ" ಎನ್ನುತ್ತೇವೆ, ಅವರು "ತಬೆತೆ ಮಿಮಾಸು" ಎನ್ನುತ್ತಾರೆ. ತಬೆತೆ ಎಂದರೆ ತಿಂದು, ಮಿಮಾಸು ಎಂದರೆ ನೋಡುತ್ತೇನೆ. ನಾವು "ಬರೆದಿಡುತ್ತೇನೆ" ಎಂದರೆ ಅವರು "ಕೈತೆ ಒಕಿಮಾಸು" ಎನ್ನುತ್ತಾರೆ; ಒಕು ಎಂದರೆ ಇಡು. "ಹೇಳಿಕೊಡಿ" ಎಂಬುದಕ್ಕೆ "ಒಶಿಯೆತೆ ಕುದಾಸಾಯಿ", ಇಲ್ಲಿ ಕುದಾಸಾಯಿ ಎಂಬುದು ಕೊಡಿ ಎಂಬುದೇ. "ತಿಂದುಬಿಟ್ಟೆ" ಎಂಬುದಕ್ಕೂ ಅಂಥದೇ ಒಂದು ಜೋಡಣೆಯಿದೆ. ಇಂಗ್ಲಿಷ್ ಬಲ್ಲ ನನ್ನ ಸಹೋದ್ಯೋಗಿಗಳು ಪುಟಗಟ್ಟಲೆ ವ್ಯಾಕರಣ ಓದಿ ಕಲಿತದ್ದು ನನಗೆ ಒಂದು ಸಂಜೆಯಲ್ಲಿ ಬಂತು. ಜನರನ್ನು ಎಣಿಸಲು ಇಬ್ಬರು, ವಸ್ತುಗಳಿಗೆ ಎರಡು ಎಂದು ನಾವು ಬೇರೆ ಮಾಡುವಂತೆ ಅವರಲ್ಲಿ ಫುತಾರಿ, ಫುತಾತ್ಸು ಇವೆ. ಅವರ ಅಕ್ಷರಮಾಲೆಯ ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ ಎಂಬ ಕ್ರಮವೂ ಬೌದ್ಧ ಭಿಕ್ಷುಗಳು ಭಾರತದ ಸಿದ್ಧಂ ಲಿಪಿಯನ್ನು ಅಭ್ಯಾಸ ಮಾಡಿದ್ದರ ಫಲ.

ಇಷ್ಟಾದರೂ ಎರಡು ಕಡೆ ಎಡವುತ್ತೇವೆ. ಕನ್ನಡದ ಕ್ರಿಯಾಪದವೇ ಬಂದವನು, ಬಂದವಳು, ಬಂದವರು ಯಾರೆಂದು ಹೇಳುತ್ತದೆ. ಜಪಾನೀ ಕ್ರಿಯಾಪದ ಏನನ್ನೂ ಹೇಳುವುದಿಲ್ಲ, ಕರ್ತೃವನ್ನೂ ಅವರು ಬಿಟ್ಟೇ ಮಾತನಾಡುತ್ತಾರೆ, ಆದ್ದರಿಂದ ಯಾರು ಬಂದರು, ಯಾರು ಬರಬೇಕು ಎಂಬುದನ್ನು ಸಂದರ್ಭದಿಂದಲೇ ಊಹಿಸಬೇಕು. ಎರಡನೆಯದು ಗೌರವದ ವಿಷಯ. ನಮ್ಮ ಹೆಡ್‌ಮಾಸ್ಟರ ಬಗ್ಗೆ ಯಾರೊಡನೆ ಮಾತನಾಡಿದರೂ ನಾವು ಬಹುವಚನ ಬಿಡುವುದಿಲ್ಲ. ಅಲ್ಲಿ ಹೊರಗಿನವರೊಡನೆ ಮಾತನಾಡುವಾಗ ತಮ್ಮ ಕಡೆಯವರಿಗೆ, ಅವರು ಮೇಲಧಿಕಾರಿಯಾಗಿದ್ದರೂ, ಗೌರವದ ರೂಪ ಬಳಸದೆ ತಗ್ಗಿಸಿ ಹೇಳುವುದೇ ಮರ್ಯಾದೆ. ನನ್ನ ನಾಲಗೆ ಇವತ್ತಿಗೂ ಅದಕ್ಕೆ ಒಗ್ಗಿಲ್ಲ.

ಸಾವಿರಾರು ಕಾಂಜಿ ಚಿತ್ರಾಕ್ಷರಗಳನ್ನು ಕಲಿಯಲೇಬೇಕೇ?

ದೈನಂದಿನ ಬಳಕೆಗೆಂದು ಸರ್ಕಾರ ಪಟ್ಟಿ ಮಾಡಿರುವ ಕಾಂಜಿಗಳು 2136. ಅವುಗಳಲ್ಲಿ 1026ನ್ನು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿಸುತ್ತಾರೆ, ಒಂದನೆಯ ತರಗತಿಗೆ 80. ನೀವೂ ಆ ಎಂಬತ್ತರಿಂದ ಆರಂಭಿಸಿ. ಜೊತೆಗೆ ವೇಳಾಪಟ್ಟಿಯಲ್ಲಿ ಬರುವ ವಾರಗಳ ಹೆಸರು, ವಿಷಯಗಳ ಹೆಸರು, "ಬದಲಾವಣೆ", "ರದ್ದು", "ಸಭೆ", "ಗೈರುಹಾಜರಿ" ಇಂಥ ಕೆಲವು ಮಾತುಗಳ ಅಕ್ಷರಗಳನ್ನು ಗುರುತಿಸಲು ಕಲಿತರೆ ಶಿಕ್ಷಕರ ಕೊಠಡಿಯ ಕಪ್ಪುಹಲಗೆಯನ್ನು ಓದಿ ದಿನ ನಡೆಸಬಹುದು. ಮಕ್ಕಳ ಹೆಸರುಗಳನ್ನು ಮಾತ್ರ ಕಾಂಜಿಯಿಂದ ಊಹಿಸಲು ಹೋಗಬೇಡಿ, ಒಂದೇ ಬರಹಕ್ಕೆ ಹಲವು ಉಚ್ಚಾರಣೆಗಳಿರುತ್ತವೆ. ಹಿರಗಾನದಲ್ಲಿ ಬರೆದ ಪಟ್ಟಿಯನ್ನು ಕೇಳಿ ಪಡೆಯಿರಿ.

ಪ್ರಶ್ನೆ ಕೇಳಿದರೆ ಮಕ್ಕಳು ಬಾಯಿಯೇ ಬಿಡುವುದಿಲ್ಲ. ನನ್ನ ಪಾಠ ಇಷ್ಟವಾಗಲಿಲ್ಲವೇ?

ಅದು ನಿಮ್ಮ ಮೇಲಿನ ಬೇಸರವಲ್ಲ. ಎಲ್ಲರೆದುರು ತಪ್ಪು ಹೇಳಿಬಿಟ್ಟರೆ ಎಂಬ ಅಂಜಿಕೆ, ಅದಕ್ಕಿಂತ ಹೆಚ್ಚಾಗಿ ಗುಂಪಿನಲ್ಲಿ ತಾನೊಬ್ಬನೇ ಎದ್ದು ಕಾಣುವುದರ ಮುಜುಗರ. ಮೂರು, ನಾಲ್ಕನೆಯ ತರಗತಿಯ ಮಕ್ಕಳು ಕೈಯೆತ್ತಿ ಕೂಗುತ್ತಾರೆ. ಜೂನಿಯರ್ ಹೈಸ್ಕೂಲಿಗೆ ಬಂದ ಅದೇ ಮಕ್ಕಳು ಮೌನವಾಗುತ್ತಾರೆ. ಆ ಮೌನದ ಮೇಲೆ ಹೈಸ್ಕೂಲ್ ಪ್ರವೇಶ ಪರೀಕ್ಷೆಯ ಭಾರವೂ ಇರುತ್ತದೆ.

"ಅರ್ಥವಾಯಿತೇ?" ಎಂದು ಇಡೀ ತರಗತಿಗೆ ಕೇಳುವುದನ್ನು ನಾನು ಬಿಟ್ಟಿದ್ದೇನೆ. ಪ್ರಶ್ನೆ ಕೊಟ್ಟು, ಪಕ್ಕದವರೊಡನೆ ಒಂದು ನಿಮಿಷ ಮಾತನಾಡಿಕೊಳ್ಳಲು ಬಿಟ್ಟು, ಆಮೇಲೆ ಜೋಡಿಯಾಗಿ ಉತ್ತರ ಕೇಳುತ್ತೇನೆ. ಇಬ್ಬರು ಸೇರಿ ಹೇಳಿದ ತಪ್ಪಿಗೆ ಯಾರೂ ನಾಚುವುದಿಲ್ಲ. ಇನ್ನೊಂದು ಉಪಾಯ ನನ್ನ ಕೈಗೆ ತಾನಾಗಿ ಸಿಕ್ಕಿತು: ನಾನು ಜಪಾನೀ ಭಾಷೆಯಲ್ಲಿ ತಪ್ಪು ತಪ್ಪಾಗಿ ಒಂದು ವಾಕ್ಯ ಹೇಳಿ, ಸರಿಯೇ ಎಂದು ಮಕ್ಕಳನ್ನು ಕೇಳುತ್ತೇನೆ. ಅವರು ಸಂತೋಷದಿಂದ ತಿದ್ದುತ್ತಾರೆ. ತಿದ್ದಿಸಿಕೊಂಡ ಶಿಕ್ಷಕಿಯ ಮುಂದೆ ತಾವೂ ತಪ್ಪು ಮಾಡಬಹುದೆಂಬ ಧೈರ್ಯ ಅವರಿಗೆ ಬರುತ್ತದೆ.

ಉತ್ತರ ಪತ್ರಿಕೆ ತಿದ್ದುವಾಗ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಇದೆ, ಇದನ್ನು ದಯವಿಟ್ಟು ಮೊದಲ ದಿನವೇ ನೆನಪಿಡಿ. ನಮ್ಮಲ್ಲಿ ಸರಿ ಉತ್ತರಕ್ಕೆ ರೈಟ್ ಗುರುತು ಹಾಕುತ್ತೇವೆ. ಜಪಾನಿನಲ್ಲಿ ಸರಿ ಉತ್ತರಕ್ಕೆ ಸುತ್ತಲೂ ವೃತ್ತ, ಅದಕ್ಕೆ ಮಾರು ಎಂದು ಹೆಸರು. ನಮ್ಮ ರೈಟ್ ಗುರುತು ಅಲ್ಲಿ ತಪ್ಪು ಉತ್ತರದ ಗುರುತು. ನಾನು ಒಂದು ಸಂಜೆ ಕೂತು ಇಡೀ ತರಗತಿಯ ಪದಪರೀಕ್ಷೆಯನ್ನು ಪ್ರೀತಿಯಿಂದ ತಿದ್ದಿ ಮರುದಿನ ಹಂಚಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಹತ್ತಕ್ಕೆ ಹತ್ತು ಸರಿ ಬರೆದಿದ್ದಳು. ಹಾಳೆಯ ತುಂಬ ಹತ್ತು ಕೆಂಪು ರೈಟ್ ಗುರುತುಗಳನ್ನು ನೋಡಿ ಅವಳ ಮುಖ ಬಾಡಿತು, ಹಾಳೆಯನ್ನು ಮೆಲ್ಲಗೆ ಮಗುಚಿಟ್ಟಳು. ಜೊತೆಯಲ್ಲಿದ್ದ ಜಪಾನೀ ಶಿಕ್ಷಕಿ ಬಂದು ನನ್ನ ಕಿವಿಯಲ್ಲಿ ಹೇಳಿದ ಮೇಲೆ ಹಾಳೆಗಳನ್ನೆಲ್ಲ ವಾಪಸು ಪಡೆದು, ಅವರಿಬ್ಬರೂ ನಾನೂ ಸೇರಿ ಪ್ರತಿ ಗುರುತಿನ ಮೇಲೂ ವೃತ್ತ ಎಳೆದೆವು. "ಅವರಿಬ್ಬರೂ" ಎಂದರೆ ಆ ಶಿಕ್ಷಕಿ ಮತ್ತು ಆ ಹುಡುಗಿ. ಅವಳೇ ಎದ್ದು ಬಂದು ಸಹಾಯ ಮಾಡಿದಳು. ಅವಳ ಹಾಳೆಗೆ ಕೊನೆಯಲ್ಲಿ ಹೂವಿನ ದಳಗಳಂತೆ ಸುತ್ತಿದ ದೊಡ್ಡ ವೃತ್ತವೊಂದನ್ನು ಬರೆದೆ. ಅದಕ್ಕೆ ಹನಾಮಾರು ಎನ್ನುತ್ತಾರೆ, ಬಹಳ ಚೆನ್ನಾಗಿದೆ ಎಂದು ಅರ್ಥ.

ನನ್ನ ಇಂಗ್ಲಿಷ್ ಉಚ್ಚಾರಣೆ ಭಾರತೀಯವಾಗಿದೆ. ಅಲ್ಲಿ ಒಪ್ಪುತ್ತಾರೆಯೇ?

ಅಮೆರಿಕದ ಉಚ್ಚಾರಣೆಯನ್ನೇ ನಿರೀಕ್ಷಿಸುವವರು ಇದ್ದಾರೆ, ಇಲ್ಲವೆಂದು ಹೇಳಿ ನಿಮ್ಮನ್ನು ಮೋಸಗೊಳಿಸಲಾರೆ. ಆದರೆ ಸ್ಪಷ್ಟವಾಗಿ, ನಿಧಾನವಾಗಿ ಮಾತನಾಡಿದರೆ ತಕರಾರು ಉಳಿಯುವುದಿಲ್ಲ, ಮತ್ತು ಇಂಗ್ಲಿಷನ್ನು ಕಲಿತು ಗಳಿಸಿಕೊಂಡವರಾದ ನಮಗೆ ಮಕ್ಕಳು ಎಲ್ಲಿ ತಡವರಿಸುತ್ತಾರೆ ಎಂಬುದು ಹುಟ್ಟಿನಿಂದ ಆ ಭಾಷೆಯನ್ನು ಆಡಿದವರಿಗಿಂತ ಚೆನ್ನಾಗಿ ತಿಳಿಯುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಸ್ವರ ಸೇರಿಸದೆ ಜಪಾನೀ ನಾಲಗೆ ಸುಮ್ಮನಿರುವುದಿಲ್ಲ: ಬಸು, ದೆಸುಕು, ಬ್ಯಾಗ್‌ಗೆ ಬಗ್ಗು, ಹೊಟೇಲಿಗೆ ಹೊತೆರು. ನಾವೂ ಬಸ್ಸು, ಡೆಸ್ಕು, ಬ್ಯಾಗು, ಹೊಟೇಲು ಎನ್ನುವವರೇ. ನಮ್ಮ ಹಳ್ಳಿಯ ಮಕ್ಕಳು ಸ್ಕೂಲನ್ನು ಇಸ್ಕೂಲು ಮಾಡುವಂತೆ ಇಲ್ಲಿಯವರು ಸುಕೂರು ಮಾಡುತ್ತಾರೆ. ಹಾಸನದಲ್ಲಿ ಆ ಕೊನೆಯ ಉಕಾರವನ್ನು ಬಿಡಿಸಲು ನಾನು ಬಳಸುತ್ತಿದ್ದ ಅಭ್ಯಾಸಗಳೇ, ಚಪ್ಪಾಳೆ ತಟ್ಟಿ ಎಣಿಸುವುದು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಿಲ್ಲಿಸುವುದು, ಇಲ್ಲೂ ನಡೆದವು. ಲ ಮತ್ತು ರ ವ್ಯತ್ಯಾಸವನ್ನು ಮಾತ್ರ ಹೊಸದಾಗಿ ಕಲಿಸಬೇಕು, ಅವರ ಕಿವಿಗೆ ಎರಡೂ ಒಂದೇ.

ನನ್ನನ್ನು ಪಾಠ ಓದಿಸುವ ಯಂತ್ರದಂತೆ ಬಳಸುತ್ತಿದ್ದಾರೆ. ಊರಿನಲ್ಲಿ ನಾನು ಪೂರ್ಣ ಶಿಕ್ಷಕನಾಗಿದ್ದೆ.

ಈ ನೋವು ನನಗೂ ಆಗಿತ್ತು. ಇಲ್ಲಿ ತರಗತಿಯ ಹೊಣೆ ಜಪಾನಿನ ಬೋಧನಾ ಪರವಾನಗಿ ಇರುವ ಶಿಕ್ಷಕರದು, ನಾವು ಹೆಸರಿನಲ್ಲೇ ಇರುವಂತೆ ಸಹಾಯಕರು. ಮೊದಲ ತಿಂಗಳುಗಳಲ್ಲಿ ಪಾಠ ಗಟ್ಟಿಯಾಗಿ ಓದಿ ಮೂಲೆಯಲ್ಲಿ ನಿಲ್ಲುವಂತಾಗುತ್ತದೆ. ಇದಕ್ಕೆ ಕಾರಣ ಅಗೌರವವಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. 2020ರಿಂದ ಐದು, ಆರನೆಯ ತರಗತಿಗಳಿಗೆ ಇಂಗ್ಲಿಷ್ ಅಂಕ ಕೊಡುವ ವಿಷಯವಾಗಿ ವರ್ಷಕ್ಕೆ 70 ಅವಧಿಗಳಾದವು, ಮೂರು, ನಾಲ್ಕಕ್ಕೆ 35 ಅವಧಿಗಳ ಚಟುವಟಿಕೆಯಾಗಿ ಬಂತು. ಎಲ್ಲ ವಿಷಯಗಳನ್ನೂ ತಾವೇ ಕಲಿಸುವ ಪ್ರಾಥಮಿಕ ಶಾಲೆಯ ಶಿಕ್ಷಕರಲ್ಲಿ ಅನೇಕರಿಗೆ ನಮ್ಮೆದುರು ಇಂಗ್ಲಿಷ್ ಮಾತನಾಡುವುದೇ ಭಯ. ಅವರೂ ಭಾಷೆಯ ಗೋಡೆಯ ಆ ಬದಿಯಲ್ಲಿ ನಮ್ಮಷ್ಟೇ ಮುದುಡಿ ನಿಂತಿರುತ್ತಾರೆ.

ಹಾಗಾಗಿ "ಮುಂದಿನ ಪಾಠಕ್ಕೆ ನಾನೇನು ಮಾಡಲಿ?" ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಹತ್ತು ನಿಮಿಷದ ಒಂದು ಚಟುವಟಿಕೆಯನ್ನು ಒಂದೇ ಹಾಳೆಯಲ್ಲಿ, ಚಿತ್ರಗಳೊಂದಿಗೆ, ಸರಳ ಜಪಾನೀಯಲ್ಲಿ ಬರೆದು ಎರಡು ದಿನ ಮೊದಲೇ ಅವರ ಮೇಜಿನ ಮೇಲಿಡಿ. ಅವರಿಗೆ ಓದಿ ಯೋಚಿಸಲು ಸಮಯ ಸಿಗುತ್ತದೆ. ನನ್ನ ಮೊದಲ ಹಾಳೆಗೆ ಮರುದಿನ ಪೆನ್ಸಿಲಿನಲ್ಲಿ ತಿದ್ದಿದ ಎರಡು ಪದಗಳು ಮತ್ತು ಒಂದು ಸಣ್ಣ ವೃತ್ತ ಉತ್ತರವಾಗಿ ಬಂದವು.

ನಾನು ಸಸ್ಯಾಹಾರಿ. ಶಾಲೆಯ ಊಟದ ಗತಿಯೇನು?

ಕ್ಯೂಶೊಕು ಎಂಬ ಶಾಲಾ ಊಟವನ್ನು ಮಕ್ಕಳೇ ಬಿಳಿ ಅಂಗಿ, ಟೋಪಿ ಧರಿಸಿ ಬಡಿಸುತ್ತಾರೆ, ಶಿಕ್ಷಕರೂ ತರಗತಿಯಲ್ಲೇ ಕೂತು ತಿನ್ನುತ್ತಾರೆ. ಅಡುಗೆ ಒಂದೇ ಬಗೆ. ಮೀನು ಅಥವಾ ಮಾಂಸ ಇಲ್ಲದ ದಿನ ವಿರಳ. ತರಕಾರಿಯ ಸಾರು ಎಂದು ಕಂಡದ್ದರಲ್ಲೂ ಒಣ ಮೀನು ಕುದಿಸಿ ತೆಗೆದ ದಾಶಿ ಎಂಬ ರಸ ಇರುತ್ತದೆ, ಅಂಗಡಿಯಲ್ಲಿ ಸಿಗುವ, ಜಪಾನೀ ಕರಿ ಎಂಬ ಮಸಾಲೆ ಸಾರು ಮಾಡುವ ಗಟ್ಟಿ ತುಂಡಿನಲ್ಲಿ ಪ್ರಾಣಿಜನ್ಯ ಕೊಬ್ಬು ಇರುವುದು ಸಾಮಾನ್ಯ. ಆದ್ದರಿಂದ ಸೇರಿದ ಕೂಡಲೇ, ಹಣ ಕಟ್ಟುವ ಮೊದಲು, ಊಟ ಬೇಡವೆಂದೂ ಡಬ್ಬಿ ತರುತ್ತೇನೆಂದೂ ಹೇಳಿ. "ಸಸ್ಯಾಹಾರಿ" ಎಂಬ ಪದ ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಡುತ್ತದೆ, ಮೀನು ಸಸ್ಯಾಹಾರವೆಂದು ತಿಳಿದವರೂ ಸಿಗುತ್ತಾರೆ. ಮಾಂಸ, ಮೀನು, ಮೊಟ್ಟೆ, ದಾಶಿ ಎಂದು ಹೆಸರು ಹಿಡಿದು ಒಂದು ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಊಟ ಬೇಡವೆಂದರೂ ಮಕ್ಕಳ ಜೊತೆ ಕೂರುವುದನ್ನು ಬಿಡಬೇಡಿ. ನಾನು ಕಲಿತ ಜಪಾನೀಯಲ್ಲಿ ಅರ್ಧದಷ್ಟು ಬಂದದ್ದು ನನ್ನ ಚಿತ್ರಾನ್ನದ ಡಬ್ಬಿಯ ಬಗ್ಗೆ ಅವರು ಕೇಳಿದ ಪ್ರಶ್ನೆಗಳಿಂದ. ಇದೇಕೆ ಹಳದಿ, ಈ ಎಲೆಯನ್ನು ತಿನ್ನುತ್ತಾರೋ ಬಿಡುತ್ತಾರೋ, ಕಡಲೆಕಾಯಿಯನ್ನು ಅನ್ನಕ್ಕೆ ಏಕೆ ಹಾಕಿದಿರಿ.

ಮಕ್ಕಳ ಜೊತೆ ಶಿಕ್ಷಕರೂ ನೆಲ ಒರೆಸಬೇಕಂತೆ, ಹೌದೇ?

ಹೌದು. ಸೋಜಿ ಎಂಬ ಸ್ವಚ್ಛತೆಯ ಅವಧಿ ಬಹುತೇಕ ದಿನಗಳಲ್ಲಿ ಇರುತ್ತದೆ, ಶಿಕ್ಷಕರೂ ಬಟ್ಟೆ ಹಿಡಿಯುತ್ತಾರೆ. ಮೈದಾನದ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗಿನ ಬೂಟು ಹಾಕಿಕೊಳ್ಳುವುದು ನಮಗೆ ಕಷ್ಟವಾಗದ ಪದ್ಧತಿ. ಅದಕ್ಕಾಗಿ ಒಂದು ಜೊತೆ ಹೊಸ ಬೂಟು ಬೇಕು.

ಪಾಸ್‌ಪೋರ್ಟಿನಲ್ಲಿ ನನಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಮಾತ್ರ ಇದೆ. ತೊಂದರೆಯಾಗುತ್ತದೆಯೇ?

ಸ್ವಲ್ಪ ಆಗುತ್ತದೆ. ವಿಮಾನ ನಿಲ್ದಾಣದಲ್ಲಿ ಕೊಡುವ ನಿವಾಸ ಕಾರ್ಡಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರುತ್ತದೆ, ಮನೆ ಸಿಕ್ಕ 14 ದಿನಗಳೊಳಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು, ಅಲ್ಲಿಂದ ಬ್ಯಾಂಕು, ಫೋನು, ವಿಮೆ. ಪ್ರತಿಯೊಂದರಲ್ಲೂ ಹೆಸರನ್ನು ಕತಕಾನದಲ್ಲಿ ಬರೆಯಿರೆನ್ನುತ್ತಾರೆ. ಒಂದು ಕಡೆ ಊರಿನ ಹೆಸರು ಮೊದಲು, ಇನ್ನೊಂದು ಕಡೆ ತಂದೆಯ ಹೆಸರು ಮೊದಲು ಎಂದಾದರೆ ಸಂಬಳ ಖಾತೆಗೆ ಸೇರುವುದಿಲ್ಲ. ಮೊದಲ ದಿನ ಬರೆದ ಕತಕಾನವನ್ನು ಚಿತ್ರ ತೆಗೆದಿಟ್ಟುಕೊಂಡು ಎಲ್ಲ ಕಡೆಯೂ ಅಕ್ಷರಶಃ ಅದನ್ನೇ ಬರೆಯಿರಿ. ಹೆಸರಿನ ರೂಪ ಬದಲಾಗುವುದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ: ಲಲಿತಾ ಅಲ್ಲಿ ರರಿತಾ ಆಗುತ್ತಾರೆ.

ಭೂಕಂಪದ ಸಮಯದಲ್ಲಿ ಭಾಷೆ ಬಾರದಿದ್ದರೆ?

ಈ ಒಂದು ವಿಷಯದಲ್ಲಿ ಮಾತ್ರ ಆಮೇಲೆ ಕಲಿಯೋಣ ಎನ್ನುವಂತಿಲ್ಲ. ಜಿಶಿನ್ ಎಂದರೆ ಭೂಕಂಪ, ನಿಗೆತೆ ಎಂದರೆ ಓಡಿ ಪಾರಾಗಿ, ತಕಾದಾಯಿ ಎಂದರೆ ಎತ್ತರದ ಜಾಗ, ಹಿನಾಂಜೊ ಎಂದರೆ ಆಶ್ರಯ ಪಡೆಯುವ ಸ್ಥಳ. ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119, ಪೊಲೀಸರಿಗೆ 110. ಶಾಲೆಯಲ್ಲಿ ನಡೆಯುವ ತಾಲೀಮಿನಲ್ಲಿ ಮಕ್ಕಳ ಜೊತೆ ಮೇಜಿನ ಕೆಳಗೆ ಕೂತು, ಅವರ ಜೊತೆಯೇ ಮೈದಾನಕ್ಕೆ ನಡೆದು, ನಿಮ್ಮ ಹೊಣೆಯೇನೆಂದು ತಾಲೀಮು ಮುಗಿದ ದಿನವೇ ಉಪ ಮುಖ್ಯೋಪಾಧ್ಯಾಯರನ್ನು ಕೇಳಿ ಬರೆಸಿಕೊಳ್ಳಿ. ಮನೆಯಿಂದ ಹತ್ತಿರದ ಆಶ್ರಯಸ್ಥಳಕ್ಕೆ ಒಂದು ಭಾನುವಾರ ಕಾಲ್ನಡಿಗೆಯಲ್ಲಿ ಹೋಗಿ ಬನ್ನಿ.

ಶಾಲೆ ಮುಗಿದ ಮೇಲೆ ಮಾತನಾಡಲು ಯಾರೂ ಇಲ್ಲ. ಈ ಒಂಟಿತನ ಎಷ್ಟು ದಿನ?

ನನಗೆ ಮೊದಲ ಚಳಿಗಾಲ ಕಠಿಣವಾಗಿತ್ತು. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿರುವುದರಿಂದ, ನಾನು ರಾತ್ರಿ ಊಟ ಮಾಡುವಾಗ ಅಮ್ಮ ಸಂಜೆಯ ಕಾಫಿ ಕುಡಿಯುತ್ತಿರುತ್ತಾರೆ. ಆ ಹೊತ್ತಿಗೆ ಫೋನು ಮಾಡುವ ರೂಢಿ ಮಾಡಿಕೊಂಡೆ. ಆದರೆ ದಿನವೂ ಗಂಟೆಗಟ್ಟಲೆ ಊರಿನೊಡನೆ ಮಾತನಾಡುತ್ತಿದ್ದರೆ ಇಲ್ಲಿನ ಭಾಷೆ ಬರುವುದು ನಿಧಾನವಾಗುತ್ತದೆ ಎಂಬುದನ್ನೂ ಕಂಡೆ. ನೀವಿರುವ ಜಪಾನಿನ ಊರಿನ ಸಮುದಾಯ ಭವನಗಳಲ್ಲಿ ಸ್ವಯಂಸೇವಕರು ನಡೆಸುವ ಜಪಾನೀ ತರಗತಿಗಳನ್ನು ನಗರಸಭೆಯಲ್ಲಿ ವಿಚಾರಿಸಿ ಸೇರಿಕೊಳ್ಳಿ. ನನಗೆ ಕಲಿಸಿದವರು ನಿವೃತ್ತ ಅಂಚೆ ನೌಕರರು. ಅವರು ಒಂದು ದಿನ "ಇತ್ತೆ ಕಿಮಾಸು" ಎಂಬ ಮಾತನ್ನು ಹೇಳಿಕೊಟ್ಟು, ಮನೆಯಿಂದ ಹೊರಡುವಾಗ ಹೇಳಬೇಕು, ಇದನ್ನು ಬೇರೆ ಭಾಷೆಗೆ ತರುವುದು ಕಷ್ಟ ಎಂದರು. ಇತ್ತೆ ಎಂದರೆ ಹೋಗಿ, ಕಿಮಾಸು ಎಂದರೆ ಬರುತ್ತೇನೆ. ನಮ್ಮಲ್ಲಿ ಹೋಗುತ್ತೇನೆ ಎಂದರೆ ಹಿರಿಯರು ಬೈದು "ಹೋಗಿ ಬರ್ತೀನಿ ಅನ್ನು" ಎನ್ನುತ್ತಾರೆಂದು ಅವರಿಗೆ ನನ್ನ ಹರಕು ಜಪಾನೀಯಲ್ಲಿ ವಿವರಿಸಿದೆ. ಅವರು ಕನ್ನಡದ ಆ ಎರಡು ಪದಗಳನ್ನು ಕತಕಾನದಲ್ಲಿ ಬರೆದುಕೊಂಡರು.

ನನಗೆ ನೆರವಾಗುತ್ತಿದ್ದ ಶಿಕ್ಷಕರಿಗೇ ವರ್ಗವಾಯಿತು. ಈಗ ಮೊದಲಿನಿಂದ ಶುರುವೇ?

ಶೈಕ್ಷಣಿಕ ವರ್ಷ ಏಪ್ರಿಲಿನಲ್ಲಿ ಆರಂಭವಾಗುತ್ತದೆ, ಸರ್ಕಾರಿ ಶಾಲೆಯ ಶಿಕ್ಷಕರನ್ನು ಕೆಲವು ವರ್ಷಗಳಿಗೊಮ್ಮೆ ವರ್ಗ ಮಾಡುತ್ತಾರೆ, ಯಾರು ಹೋಗುತ್ತಾರೆಂಬುದು ಮಾರ್ಚ್ ಕೊನೆಯ ಹೊತ್ತಿಗೆ ತಿಳಿಯುತ್ತದೆ. ನಿಮ್ಮ ತಪ್ಪು ವಾಕ್ಯಗಳನ್ನೆಲ್ಲ ಅರ್ಥಮಾಡಿಕೊಳ್ಳಲು ಕಲಿತಿದ್ದ ಒಬ್ಬರು ಹತ್ತು ದಿನದಲ್ಲಿ ಮೇಜು ಖಾಲಿ ಮಾಡಿ ಹೊರಡುವುದನ್ನು ನೋಡುವುದು ನಿಜಕ್ಕೂ ಕಷ್ಟ. ಅದಕ್ಕೆ ಮೊದಲೇ, ಫೆಬ್ರವರಿಯಲ್ಲಿ, ಅವರೊಡನೆ ಕೂತು ನಿಮ್ಮ ಕೆಲಸದ ವಿವರವನ್ನು ಜಪಾನೀಯಲ್ಲಿ ಎರಡು ಪುಟ ಬರೆಸಿಕೊಳ್ಳಿ: ಯಾವ ತರಗತಿಗೆ ಏನು ಮಾಡುತ್ತೀರಿ, ಊಟದ ವ್ಯವಸ್ಥೆಯೇನು, ನಿಮಗೆ ಸೂಚನೆಗಳನ್ನು ಬರೆದುಕೊಟ್ಟರೆ ತಿಳಿಯುತ್ತದೆ ಎಂಬ ಮಾತು. ಏಪ್ರಿಲ್ ಒಂದರಂದು ಹೊಸಬರ ಮೇಜಿನ ಮೇಲೆ ಅದನ್ನಿಟ್ಟು, ನಿಮ್ಮ ಹೆಸರು ಹೇಳಿ, ಬಗ್ಗಿ, "ಯೊರೊಶಿಕು ಒನೆಗಾಯಿಶಿಮಾಸು" ಎನ್ನಿ, ನಿಮ್ಮ ಸಹಕಾರವಿರಲಿ ಎಂದರ್ಥ. ಅಂದು ಅವರಿಗೂ ಆ ಶಾಲೆ ಹೊಸದು. ಚಾಕ್‌ಪೀಸು ಎಲ್ಲಿದೆ, ನಕಲು ಯಂತ್ರಕ್ಕೆ ಹಾಳೆ ಎಲ್ಲಿದೆ ಎಂಬುದನ್ನು ತೋರಿಸುವವರು ನೀವಾಗಿರುತ್ತೀರಿ.